ನಿಂತು ಬಡಿದ ರೊಟ್ಟಿ

3 ನವೆಂಬರ್ 1957, ಭಾನುವಾರ. ಶಿರಸಿ

ಇವತ್ತೂ ಅನ್ನ ತಳ ಹಿಡಿದಿತ್ತು. ಪಾರ್ವತಕ್ಕನಿಗೆ ಹೇಳುವ ಧೈರ್ಯ ಆಗಲಿಲ್ಲ. ಒಡಹುಟ್ಟಿದ ಹಿರಿಯಕ್ಕ. ಮೇಲಾಗಿ ಶ್ರಾವಣದಿಂದ ಸ್ವಂತ ಮನೆ ಬಿಟ್ಟು ಬಂದು ನಮಗಿಬ್ಬರಿಗೂ ಬೇಯಿಸಿ ಹಾಕುತ್ತಿದ್ದಾಳೆ. ಬುಧವಾರ ಹೊರಡುತ್ತಾಳಂತೆ. ಊರಲ್ಲಿ ಸುಗ್ಗಿ. ಇನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ.

ಉಣ್ಣುವಾಗ ಮಾತು ತೆಗೆದಳು. ದನಿ ತಗ್ಗಿಸಿದ್ದೇನೋ ಹೌದು... ಪಡಸಾಲೆಯ ಮಂಚದ ಮೇಲಿದ್ದ ಹೆಂಡತಿ ಸಾವಿತ್ರಿಗೆ ಕೇಳುವಷ್ಟೇ ತಗ್ಗಿಸಿದ್ದಳು.

“ತಮ್ಮಾ, ಮೊಣಕಾಲು ಇನ್ನ ಮಡಚೂದಿಲ್ಲ ಅಂತ ಡಾಕ್ಟರೇ ಹೇಳ್ಯಾರ. ನೆಲಕ್ಕ ಕೂಡಾಕ ಬರದಾಕಿ ಒಲಿ ಹೆಂಗ ನೋಡ್ಕೊಂತಾಳ? ಸ್ವಲ್ಪ ದಿವ್ಸ ತವರಿಗೆ ಕಳಸು. ಅಲ್ಲೆ ಆಕಿ ಅವ್ವ ಅದಾಳ, ಅತ್ತಿಗಿ ಅದಾಳ.”

“ಸ್ವಲ್ಪ ದಿವ್ಸ ಅಂದ್ರ?”

ಅಕ್ಕ ಸಾರು ಬಡಿಸಿದಳು.

ಓಣಿಯ ಮೂಲೆಮನೆಯ ದೇವಕಿ ಹೀಗೇ ಸ್ವಲ್ಪ ದಿವಸಕ್ಕೆಂದು ತವರಿಗೆ ಹೋದವಳು. ಆಮೇಲೆ ಅವಳ ಟ್ರಂಕನ್ನೂ ಕಳಿಸಿಕೊಟ್ಟರು.

ಬಾವಿಕಟ್ಟೆಯ ಪಾಚಿಯ ಮೇಲೆ ಸಾವಿತ್ರಿಯ ಕಾಲು ಜಾರಿದ್ದು ಒಂದೇ ಕ್ಷಣ. ಅದಕ್ಕೆ ಇಷ್ಟೆಲ್ಲ ಬೇಕೆ?

ಸಾವಿತ್ರಿಯ ಅಣ್ಣ ಶಂಕ್ರಪ್ಪ ಬೆಲ್ಲದ ಗಾಡಿ ಹೊಡೆದುಕೊಂಡು ಡಿಸೆಂಬರ್‌ನಲ್ಲಿ ಶಿರಸಿ ಪೇಟೆಗೆ ಬರುತ್ತಾನೆ. ಬರುತ್ತಾ ಬೆಲ್ಲ, ಹೋಗುತ್ತಾ ತಂಗಿ. ಅಕ್ಕನೂ ಅವನೂ ಮಾತಾಡಿಕೊಂಡಾಗಿದೆ. ಕೇಳದೆ ಬಿಟ್ಟದ್ದು ನನ್ನೊಬ್ಬನನ್ನು. ಮದುವೆಯಾಗಿ ಒಂಬತ್ತು ವರ್ಷ, ಇರುವುದು ಇಬ್ಬರೇ. ಅವಳು ಹೋಗಬಾರದು. ಇಲ್ಲಿ ಬರೆದಿಡುತ್ತೇನೆ, ಯಾರಿಗೆ ಹೇಳಲಿ — ಅವಳು ಹೋಗಬಾರದು.

6 ನವೆಂಬರ್, ಸಂಜೆ

ಅಕ್ಕ ಬೆಳಗಿನ ಬಸ್ಸಿಗೆ ಹೋದಳು. ಹೋಗುವಾಗ ಅತ್ತಳು. ಒಳ್ಳೆಯವಳೇ. ಬಾಯಿ ಮಾತ್ರ...

ಶಾಲೆಯಿಂದ ಬಂದೆ. ಸಾವಿತ್ರಿ ಮಂಚದಲ್ಲಿ ಇಲ್ಲ. ನೋಡಿದರೆ ಅಡುಗೆಮನೆಯ ನೆಲದ ಮೇಲೆ ಅಡ್ಡಬಿದ್ದಿದ್ದಾಳೆ. ಕೋಲು ಊರಿಕೊಂಡು ಹೋಗಿ, ಗೋಡೆ ಹಿಡಿದು ಒಲೆಯ ಮುಂದೆ ಕೂರಲು ನೋಡಿದ್ದಾಳೆ. ಬಲಗಾಲು ಮಡಚಲಿಲ್ಲ. ಕೆಳಗೆ ಜಾರಿದವಳಿಗೆ ಏಳಲು ಆಗಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದಳೋ ಹೇಳಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ. ಸೆರಗಿಗೆಲ್ಲ ಬೂದಿ ಮೆತ್ತಿತ್ತು. ಬೈಯಲು ಆಗಲಿಲ್ಲ.

ಎತ್ತಿ ಮಂಚಕ್ಕೆ ತಂದೆ. ನೋವಾಯಿತೇ ಎಂದರೆ ಇಲ್ಲ ಎಂದಳು.

“ಒಲಿ ಮುಂದ ಕೂಡಾಕ ಬರದಾಕಿ ಈ ಮನ್ಯಾಗ ಏನ್ ಮಾಡ್ಲಿ ಹೇಳ್ರಿ. ಅಣ್ಣ ಬಂದ್ರ ಹೋಗ್ತೀನಿ.”

ಕೂರಲು ಬರುವುದಿಲ್ಲ, ಸರಿ. ನಿಲ್ಲಲು ಬರುತ್ತದಲ್ಲ? ಒಲೆಯನ್ನೇ ಮೇಲಕ್ಕೆ ತಂದರೆ?

ಇಷ್ಟು ಸುಲಭದ ಮಾತು ಈತನಕ ತಲೆಗೆ ಹೊಳೆದಿರಲಿಲ್ಲ. ಮಕ್ಕಳಿಗೆ ಲೆಕ್ಕ ಕಲಿಸುವ ತಲೆ ಇದು.

7 ನವೆಂಬರ್

ಮನೆ ಒಡತಿ ಗೌರಕ್ಕನನ್ನು ಕೇಳಿದೆ. ಮುಂದಿನ ಅರ್ಧದಲ್ಲಿ ಅವರು, ಹಿಂದಿನ ಅರ್ಧದಲ್ಲಿ ನಾವು. ಅಡುಗೆಮನೆಯಲ್ಲಿ ಮಣ್ಣಿನ ಕಟ್ಟೆಯೊಂದು ಎಬ್ಬಿಸಲೇ ಎಂದೆ.

“ಕಟ್ಟಿ ಇಲ್ಲ, ಮಟ್ಟಿ ಇಲ್ಲ. ಗ್ವಾಡಿಗೆ ಒಂದು ಮೊಳಿ ಸೈತ ಹೊಡೀಬ್ಯಾಡ್ರಿ ಮಾಸ್ತರ. ನಮ್ಮ ಹಿರ್ಯಾರು ಕಟ್ಟಿಸಿದ್ದು.”

“ಸಾವಿತ್ರಿ ನಿಂತು ಅಡಿಗಿ ಮಾಡ್ಲಿ ಅಂತ...”

“ನಿಂತು? ಹೆಣ್ಮಕ್ಕಳು ನಿಂತು ಅಡಿಗಿ ಮಾಡೂದು ಎಲ್ಲೆ ನೋಡೀರಿ? ಅದು ಹೋಟ್ಲದಾಗ ಗಂಡಸರು ಮಾಡೂದು.”

ಬಡಗಿಯನ್ನು ಕೇಳಿದೆ. ಹಲಸಿನ ಮೇಜು ಮಾಡಿಕೊಡುತ್ತೇನೆ ಎಂದ. ಅವನು ಹೇಳಿದ ರೇಟು ಕೇಳಿ, ಮೇಜು ಬೇಡಪ್ಪಾ, ನಿನ್ನ ಅಂಗಡಿಯಲ್ಲಿ ಕೂರಲು ಒಂದು ಸ್ಟೂಲಿದ್ದರೆ ಕೊಡು ಎಂದೆ. ನಕ್ಕ.

ಗೋಡೆಗೆ ತಾಗಬಾರದು. ನೆಲ ಅಗೆಯಬಾರದು. ಮನೆ ಬಿಡುವ ದಿನ ಬಿಚ್ಚಿ ಹೊತ್ತೊಯ್ಯುವಂತಿರಬೇಕು. ಕಿಸೆಯಂತೂ ಅಷ್ಟಕ್ಕಷ್ಟೆ. ಒಳ್ಳೆಯ ಲೆಕ್ಕ.

8 ನವೆಂಬರ್

ಗೌರಕ್ಕ ಬೈಯುತ್ತಲೇ ದಾರಿ ತೋರಿಸಿದರು. ಹೋಟೆಲು! ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋದೆ. ಒಂದು ದೋಸೆ ತಿಂದು ಕೈ ತೊಳೆಯುವ ನೆವದಲ್ಲಿ ಒಳಗೆ ನುಗ್ಗಿದೆ. ದೋಸೆ ಹುಯ್ಯುವವನ ಕಟ್ಟೆಗೆ ಕೊಡೆ ನಿಲ್ಲಿಸಿ ಹಿಡಿದು, ಎಲ್ಲಿಗೆ ಬಂತೆಂದು ಉಗುರಿನಿಂದ ಗುರುತು ಹಾಕುತ್ತಿದ್ದೆ. ಹಿಂದಿನಿಂದ ಹೋಟೆಲಿನ ಭಟ್ಟರು —

“ಎಂತ ಮಾಸ್ತರೆ, ಅಳತೆ ಎಂತಕ್ಕೆ? ಮುನ್ಸಿಪಾಲ್ಟಿಯವರು ಕಳಿಸಿದ್ದಾ?”

ಇದ್ದ ಸಂಗತಿ ಹೇಳಿದೆ. ಭಟ್ಟರು ಕೂಡಲೇ ಮೆತ್ತಗಾದರು. ಕಟ್ಟೆಯ ಎತ್ತರ ನೋಡಬೇಡಿ, ನಿಂತವರ ಮೊಣಕೈ ನೋಡಿ ಎಂದರು. ಮೊಣಕೈಗಿಂತ ಒಂದು ಗೇಣು ಕೆಳಗೆ ಬಂದರೆ ಬೆನ್ನು ಹಿಡಿಯುವುದಿಲ್ಲವಂತೆ. ದೋಸೆಯ ದುಡ್ಡು ಮಾತ್ರ ಬಿಡಲಿಲ್ಲ.

10 ನವೆಂಬರ್, ಭಾನುವಾರ

ಇಡೀ ದಿನ ಇದೇ ಕೆಲಸ. ಕಿರಾಣಿ ಅಂಗಡಿಯಿಂದ ಚಿಮಣಿ ಎಣ್ಣೆಯ ಖಾಲಿ ಡಬ್ಬಿ ತಂದೆ. ಬೂದಿ ಹಾಕಿ ತಿಕ್ಕಿದರೂ ವಾಸನೆ ಹೋಗಲೊಲ್ಲದು. ಹಳ್ಳದ ಮರಳು ತುಂಬಿದೆ. ಒಂದರ ಮೇಲೊಂದು ಡಬ್ಬಿ ಇಟ್ಟು ಕತ್ತದ ಹಗ್ಗದಿಂದ ಬಿಗಿದರೆ ಒಂದು ಕಾಲು. ಹೀಗೆ ನಾಲ್ಕು ಕಾಲು. ಮೇಲೆ ಒಂದು ಸಾಲು ಇಟ್ಟಿಗೆ.

ಹಲಗೆಗೆ ನಮ್ಮ ಶಾಲೆಯ ಜವಾನ ಜಟ್ಟಪ್ಪ ದಾರಿ ಮಾಡಿದ. ಒಂದು ಮೂಲೆ ಮುರಿದ ಹಳೆಯ ಕರಿಹಲಗೆ ಅಟ್ಟದ ಮೇಲಿತ್ತು. ಹೆಡ್‌ಮಾಸ್ತರರು “ಒಯ್ರಿ, ಜಾಗ ಖಾಲಿ ಆಗ್ತದ” ಎಂದರು. ಇಬ್ಬರೂ ತಲೆಯ ಮೇಲೆ ಹೊತ್ತು ತಂದೆವು. ದಾರಿಯಲ್ಲಿ ಎಲ್ಲರ ಪ್ರಶ್ನೆಯೂ ಒಂದೇ — ಮನೆಯಲ್ಲೂ ಶಾಲೆ ಶುರು ಮಾಡಿದಿರಾ ಮಾಸ್ತರೆ?

ಸಾವಿತ್ರಿಯ ಅಳತೆ ತೆಗೆದದ್ದು ಬೇರೆಯೇ ಕಥೆ. ಮಂಚದ ಮೇಲೆ ಮಲಗಿದ್ದಳು. ಹಿಮ್ಮಡಿಯಿಂದ ಮೊಣಕೈವರೆಗೆ ದಾರ ಹಿಡಿದೆ.

“ಏನ್ರಿ ಇದು? ಹೆಣಕ್ಕ ಅಳತಿ ತಗದ್ಹಂಗ!”

ಬಿಡ್ತು ಅನ್ನು ಎಂದು ಗದರಿದೆ. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಸ್ವಲ್ಪ ಕೀಟಲೆ ಕೇಳಿಸಿತು. ಗದರಬಾರದಿತ್ತು.

11 ನವೆಂಬರ್

ನಿಲ್ಲಿಸಿದೆ. ಹಲಗೆ ಅವಳ ಮೊಣಕೈಗೇ ಬಂತು.

ಅಳತೆ ತಪ್ಪಿದ್ದೆಲ್ಲಿ? ದಾರ ಮತ್ತೆ ಹಿಡಿದೆ. ದಾರ ಸರಿಯಾಗಿಯೇ ಇದೆ. ಆಮೇಲೆ ಗೊತ್ತಾಯಿತು. ಮಲಗಿದಾಗ ನನ್ನ ಹೆಂಡತಿ ಉದ್ದ. ನಿಂತರೆ ಎಡಗಾಲಿನ ಮೇಲೆ ಭಾರ ಹಾಕಿ ಒಂದು ಕಡೆ ವಾಲುತ್ತಾಳೆ, ಗಿಡ್ಡ ಆಗುತ್ತಾಳೆ. ದಿನವೂ ನೋಡುತ್ತಿದ್ದರೂ ಅಳತೆಯಲ್ಲಿ ನಾನು ಹಿಡಿದದ್ದು ಮೊದಲಿನ ಸಾವಿತ್ರಿಯನ್ನು. ಏನೂ ಹೇಳದೆ ಇಟ್ಟಿಗೆಯ ಸಾಲು ತೆಗೆದುಬಿಟ್ಟೆ. ಈಗ ಸರಿಯಾಯಿತು.

ಒಂದು ಚಪ್ಪಡಿ ಕಲ್ಲು, ಅದರ ಮೇಲೆ ಇದ್ದಿಲ ಶೆಗಡಿ. ಬಲಕ್ಕೆ ಕೆಲಸದ ಜಾಗ. ಸೊಂಟವನ್ನು ಪಕ್ಕದ ಗೋಡೆಗೆ ಆನಿಸಿಕೊಂಡು ನಿಂತಳು. ಹಲಗೆಯನ್ನು ಕೈಯಿಂದ ಒಮ್ಮೆ ಸವರಿದಳು. ಸಂಜೆ ಬೇಳೆಸಾರು ಅವಳದೇ. ಎರಡು ಸಲ ಹಾಕಿಸಿಕೊಂಡೆ.

17 ನವೆಂಬರ್, ಭಾನುವಾರ

ವಾರವೆಲ್ಲ ಸಾರು, ಅನ್ನ, ಪಲ್ಯ. ನಾನು ಒಳಗೊಳಗೇ ಮೀಸೆ ತಿರುವುತ್ತಿದ್ದೆ. ಗೆದ್ದೆ ಎಂದುಕೊಂಡೆ.

ಇವತ್ತು ಜೋಳದ ರೊಟ್ಟಿಗೆ ಹಿಟ್ಟು ನಾದಿದಳು. ಕರಿಹಲಗೆ ನುಣುಪಾಗಿದೆ, ಅದರ ಮೇಲೇ ಬಡಿ ಎಂದವನು ನಾನು. ಮೊದಲ ಪೆಟ್ಟಿಗೆ ಹಲಗೆ ಡಬ್ಬಿಯ ಮೇಲೆ ಕಿರ್ ಎಂದಿತು. ಎರಡನೆಯದಕ್ಕೆ ಸರಿಯಿತು. ಮೂರನೆಯದಕ್ಕೆ ಗೋಡೆ ಬಿಟ್ಟು ಒಂದು ಗೇಣು ಮುಂದೆ ಬಂದು ಅವಳ ಹೊಟ್ಟೆಗೆ ಗುದ್ದಿತು. ಸಾವಿತ್ರಿ ಹಿಂದಕ್ಕೆ ವಾಲಿದಳು. ನಾನು ಹಿಡಿಯದಿದ್ದರೆ... ಬೇಡ, ಬರೆಯುವುದಿಲ್ಲ.

ಹಿಟ್ಟಿನ ತಳವೆಲ್ಲ ಬೂದುಬಣ್ಣ. ಹಲಗೆಯ ಕರಿ ಬಿಟ್ಟುಕೊಂಡಿದೆ! ಪ್ರತಿ ವರ್ಷ ಮಕ್ಕಳ ಜೊತೆ ಕೂತು ಇದ್ದಿಲು ಅರೆದು, ಸೊಪ್ಪಿನ ರಸ ಕಲಸಿ ಆ ಹಲಗೆಗೆ ಬಳಿದವನು ನಾನೇ. ಮಾಸ್ತರನಲ್ಲದೆ ಬೇರೆ ಯಾರೂ ಅದರ ಮೇಲೆ ಹಿಟ್ಟು ಇಡುತ್ತಿರಲಿಲ್ಲ.

ಕೈ ತೊಳೆದು ಮಂಚಕ್ಕೆ ಹೋದಳು.

“ಸಾರಿನ ಮಾತಾತು, ರೊಟ್ಟಿಗಿ ಇನ್ನೊಂದು ದಾರಿ ನೋಡೂಣು” ಎಂದೆ.

“ಸಾರು ಯಾರರ ಮಾಡ್ತಾರ್ರಿ. ರೊಟ್ಟಿ ಬಡದ್ರನ ನಾ ಅಡಿಗಿ ಮಾಡೀನಿ ಅನಸ್ತೈತಿ. ಅದಾಗೂದಿಲ್ಲ ಅಂದ್ರ ಬಿಡ್ರಿ. ಸುಮ್ನ ನಿಮಗೂ ತ್ರಾಸ.”

ಅವಳ ತವರು ಬನವಾಸಿಯ ಆಚೆ, ಜೋಳದ ಸೀಮೆ. ಬಾವಿಕಟ್ಟೆಯಲ್ಲಿ ಬೀಳುವತನಕ ಒಂದು ದಿನವೂ ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟವಳಲ್ಲ. ಆ ಸದ್ದಿಗೇ ನಾನು ಇಷ್ಟು ವರ್ಷ ಬೆಳಿಗ್ಗೆ ಏಳುತ್ತಿದ್ದೆ. ಅಕ್ಕನಿಗೂ ಬರುತ್ತದೆ. ಆದರೆ ಅಕ್ಕನದು ಬೇರೆ ಸದ್ದು.

ಮಧ್ಯಾಹ್ನ ಹಲಗೆ ತಿರುಗಿಸಿ ಹಾಕಿದೆ. ಹಿಂಬದಿ ಕರಿ ಬಳಿಯದ ಬರೀ ಮರ. ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ.

24 ನವೆಂಬರ್, ಭಾನುವಾರ

ಮಾನ ಹೋಯಿತು. ನಿಧಾನವಾಗಿ ಬರೆಯುತ್ತೇನೆ.

ಡಬ್ಬಿಗಳನ್ನು ಮೂಲೆಗೆ ಸರಿಸಿದೆ. ಈಗ ಹಲಗೆಗೆ ಎರಡು ಕಡೆ ಗೋಡೆ, ಹೋಗುವುದೆಲ್ಲಿಗೆ? ಡಬ್ಬಿಗೂ ಹಲಗೆಗೂ ನಡುವೆ ಗೋಣಿ ಮಡಚಿ, ಒದ್ದೆ ಮಾಡಿ ಹಾಸಿದೆ. ಕೈಯಿಂದ ಗುದ್ದಿ ನೋಡಿದೆ, ಗಟ್ಟಿ. ಆದರೆ ಗುದ್ದುವುದು ಬೇರೆ, ರೊಟ್ಟಿ ಬಡಿಯುವುದು ಬೇರೆ. ಇನ್ನೊಂದು ಸಲ ಅವಳನ್ನು ಅಲ್ಲಿ ನಿಲ್ಲಿಸಿ ಬೀಳಿಸಲಾರೆ. ಮೊದಲು ನಾನೇ ಬಡಿದು ನೋಡಬೇಕು.

ಗೌರಕ್ಕ ಸಾವಿತ್ರಿಯನ್ನು ಹಿತ್ತಲಿನ ಬಿಸಿಲಿಗೆ ಕರೆದೊಯ್ದಿದ್ದರು. ಇದೇ ಸಮಯ ಎಂದು ಬಾಗಿಲು ಮುಂದೆ ಮಾಡಿದೆ. ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಉಂಡೆ ಮಾಡಿ ಬಡಿಯತೊಡಗಿದೆ. ಹಲಗೆ ಅಲುಗಲಿಲ್ಲ! ಜೋರಾಗಿ ಬಡಿದೆ. ಅಲುಗಲಿಲ್ಲ! ಉತ್ಸಾಹ ಬಂದು ಎರಡೂ ಕೈಯಿಂದ ಬಡಿದೆ.

ಒಂದು ಮರೆತಿದ್ದೆ. ಇದು ಅನ್ನ ಉಣ್ಣುವವರ ಓಣಿ. ಇಲ್ಲಿ ರೊಟ್ಟಿಯ ಸದ್ದು ಬರುವುದು ಎರಡೇ ಮನೆಯಿಂದ. ಗೌರಕ್ಕನ ಮನೆ, ನಮ್ಮ ಮನೆ. ಆ ಇಬ್ಬರು ಹೆಂಗಸರೂ ಹಿತ್ತಲಿನಲ್ಲಿ ಎದುರುಬದುರು ಕೂತಿದ್ದಾರೆ. ಒಳಗೆ ರೊಟ್ಟಿಯ ಸದ್ದು!

ಬಾಗಿಲು ದಢಾರನೆ ತೆರೆಯಿತು. ಗೌರಕ್ಕ. ನಾನು ಮೊಣಕೈವರೆಗೆ ಹಿಟ್ಟು, ಮೂಗಿನ ಮೇಲೂ ಹಿಟ್ಟು.

“ಅಯ್ಯ ಶಿವನ! ಸಾವಿತ್ರವ್ವಾ, ನಿನ್ನ ಗಂಡ ರೊಟ್ಟಿ ಬಡಿಯಾಕ್ಹತ್ಯಾನವಾ!”

ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲೇ ಹೊಸ್ತಿಲ ಮೇಲೆ ಕೂತು ನಕ್ಕರು. ಸಾವಿತ್ರಿ ನಗಲಿಲ್ಲ.

27 ನವೆಂಬರ್

ಗೌರಕ್ಕನ ಬಾಯಿಯಿಂದ ಓಣಿಗೆ, ಓಣಿಯಿಂದ ಶಾಲೆಗೆ. ಮೂರನೆಯ ಇಯತ್ತೆಗೆ ಹೋಗಿ ಹಲಗೆಯ ಕಡೆ ತಿರುಗಿದ್ದೇ ತಡ, ಹಿಂದಿನಿಂದ ಮಕ್ಕಳ ಸ್ಲೇಟುಪಾಟಿಗಳ ಮೇಲೆ ಪಟ್ ಪಟ್ ಪಟ್. ತಿರುಗಿದರೆ ಎಲ್ಲರೂ ಸಾಧುಗಳು. ಮತ್ತೆ ತಿರುಗಿದರೆ ಮತ್ತೆ ಪಟ್ ಪಟ್. ಬೆತ್ತ ಎತ್ತಿಕೊಂಡೆ. ಯಾರಿಗೆ ಹೊಡೆಯಲಿ? ತಾಳ ಚೆನ್ನಾಗಿಯೇ ಇತ್ತು. ಇಟ್ಟುಬಿಟ್ಟೆ. ಹೆಡ್‌ಮಾಸ್ತರರು ಮಾತ್ರ ನನ್ನನ್ನು ಕಂಡಾಗಲೆಲ್ಲ ಕೆಮ್ಮುತ್ತಾರೆ.

ನನಗೇನೂ ಆಗಲಿಲ್ಲ. ಆದದ್ದು ಅವಳಿಗೆ. ನೀರಿಗೆ ಬಂದ ಹೆಂಗಸರು ಕಿಟಕಿಯಲ್ಲಿ ನಿಂತು ಏನೋ ಅಂದಿದ್ದಾರೆ. ಸಂಜೆ ನನ್ನ ಮುಖ ನೋಡದೆ ಹೇಳಿದಳು.

“ನನ್ನ ಸಂಬಂಧ ನಿಮ್ಮ ಮರ್ಯಾದಿ ಹೋತು. ಅಣ್ಣ ಬಂದ ಕೂಡ್ಲೆ ನಾ ಹೋಗಾಕಿ. ಈ ಸಲ ತಡೀಬ್ಯಾಡ್ರಿ.”

ಹಲಗೆ ಈಗ ಗಟ್ಟಿಯಾಗಿದೆ, ಬಾ, ಒಂದೇ ಒಂದು ಬಡಿದು ನೋಡು ಎಂದೆ. ಬರಲಿಲ್ಲ. ಅವಳು ಉಳಿಯಲಿ ಎಂದು ಮಾಡಿದ್ದೇ ಅವಳನ್ನು ಹೊರಡಿಸುತ್ತಿದೆ.

5 ಡಿಸೆಂಬರ್

ಬರೆಯಲು ಮನಸ್ಸಿರಲಿಲ್ಲ.

ಟ್ರಂಕಿಗೆ ಸೀರೆ ಮಡಚಿ ಇಡುತ್ತಿದ್ದಾಳೆ. ದಿನಕ್ಕೊಂದೆರಡು. ಅಷ್ಟು ನಿಧಾನ ಯಾಕೋ. ನಾನು ನೋಡಿಯೂ ನೋಡದ ಹಾಗೆ ಇದ್ದೇನೆ.

ಇವತ್ತು ಹೊಸ ಮಾತು. “ನಾ ಹೋದ ಮ್ಯಾಲ ಹೋಟ್ಲದಾಗ ತಿಂದು ಹೊಟ್ಟಿ ಕೆಡಿಸ್ಕೋಬ್ಯಾಡ್ರಿ. ಹೆಂಗೂ ಮಾನ ಹೋಗೇತಿ. ರೊಟ್ಟಿ ಕಲೀರಿ. ನಾ ಹೇಳಿಕೊಡ್ತೀನಿ.”

ಹಲಗೆಯ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು, ಆ ಕಾಲು ಮುಂದೆ ಚಾಚಿಕೊಂಡು ಕೂತಳು. ನಾನು ನಿಂತೆ. ಪಾಠ ಶುರುವಾಯಿತು. ಕೈಯಲ್ಲಿ ಕೋಲು ಬೇರೆ ಇದೆ! ನನ್ನ ವಿದ್ಯಾರ್ಥಿಗಳ ಕಷ್ಟ ಈಗ ತಿಳಿಯಿತು.

“ನೀರು ಹೆಚ್ಚಾತು.” “ಅಂಗೈ ಅಲ್ರಿ, ಬೆರಳು.” “ತಿರವ್ರಿ, ತಿರವ್ರಿ, ಅದೇನ್ ನೊಣ ಹೊಡಿಯಾಕ್ಹತ್ತೀರೇನು?”

ಮೊದಲನೆಯದು ನಮ್ಮ ಕ್ಲಾಸಿಗೆ ಬಂದಿರುವ ಹೊಸ ಮೈಸೂರು ರಾಜ್ಯದ ನಕಾಶೆಯ ಹಾಗೆ ಆಯಿತು. ಬೀದರ್ ಉದ್ದಕ್ಕೆ ಮೇಲೆ ಹೋಯಿತು, ಕಾರವಾರ ಹರಿದು ಹಂಚಿನ ಆಚೆ ಬಿತ್ತು. ರೊಟ್ಟಿ ತೋರಿಸಿ ಊರುಗಳನ್ನು ಹೇಳಿದೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಅವಳ ನಗು ಕೇಳಿ ಒಂದು ಉಪಾಯ ಹೊಳೆಯಿತು. ಕಲಿತರೆ ತಾನೆ ಹೋಗುವುದು?

12 ಡಿಸೆಂಬರ್

ದಿನಾ ಪಾಠ. ದಿನಾ ಹರಿದ ರೊಟ್ಟಿ. ಇಬ್ಬರೂ ಚೂರು ಚೂರು ಆರಿಸಿಕೊಂಡು ತಿನ್ನುತ್ತಿದ್ದೇವೆ.

ಬೇಕೆಂದೇ ಹರಿಯುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ! ದರಿದ್ರ ಕೈ, ನಾನು ಬೇಡವೆಂದರೂ ಕಲಿಯುತ್ತಿದೆ. ಬೆರಳು ತಾನೇ ತಿರುಗಿಸುತ್ತದೆ. ಇವತ್ತು ಒಂದು ಪೂರ್ತಿ ಗುಂಡಗೆ ಬಂದುಬಿಟ್ಟಿತು. ಅಂಚು ಒಡೆಯಲಿಲ್ಲ, ತೆಳ್ಳಗೆ, ಹಂಚಿಗೆ ಹಾಕಿದರೆ ಪೂರಿಯ ಹಾಗೆ ಉಬ್ಬಿತು. ಅವಳು ಆಚೆ ತಿರುಗಿದ್ದಳು. ಗಡಿಬಿಡಿಯಲ್ಲಿ ರೊಟ್ಟಿ ಮಗುಚುವ ಮೊಗಚೆಕಾಯಿಂದ ಚುಚ್ಚಿ ಹರಿದುಬಿಟ್ಟೆ. ನೋಡಲಿಲ್ಲ ಎಂದುಕೊಳ್ಳುತ್ತೇನೆ.

ನಲವತ್ತರ ಹತ್ತಿರ ಬಂದ ಗಂಡಸು ಹೆಂಡತಿಗೆ ಕಾಣದ ಹಾಗೆ ಒಳ್ಳೆಯ ರೊಟ್ಟಿ ಹರಿಯುವುದು... ಶಿವಪುತ್ರಪ್ಪ ಮಾಸ್ತರೇ, ನಿಮಗೆ ತಲೆ ಕೆಟ್ಟಿದೆ. ಇರಲಿ.

16 ಡಿಸೆಂಬರ್

ಗೌರಕ್ಕ ಬಂದರು. ಸುಮ್ಮನೆ ಅಡುಗೆಮನೆಗೆ ಹೋಗಿ ನಿಂತರು. ಕೈಯಲ್ಲಿ ವಿಭೂತಿ ಗಟ್ಟಿ. ಒದ್ದೆ ಮಾಡಿ ಶೆಗಡಿಗೆ ಮೂರು ಬೆರಳು ಎಳೆದರು. ಆಮೇಲೆ ಬಗ್ಗಿ ನಾಲ್ಕೂ ಕಡೆಯ ಚಿಮಣಿ ಎಣ್ಣೆ ಡಬ್ಬಿಗೂ ಎಳೆದರು. ಡಬ್ಬಿಗಳು ಈಗ ಮಠಕ್ಕೆ ಹೊರಟವರ ಹಾಗೆ ನಿಂತಿವೆ.

“ನಾ ನಕ್ಕಿದ್ದು ಖರೆ. ಓಣ್ಯಾಗ ಹೇಳಿದ್ದೂ ಖರೆ. ನಮ್ಮ ಯಜಮಾನ್ರು ನಾ ಚಳಿಜ್ವರದಾಗ ಬಿದ್ದಾಗ ಒಂದು ತಂಬಿಗಿ ನೀರು ಕಾಸಿ ಕೊಟ್ಟವ್ರಲ್ಲ. ನಿಮ್ಮನ್ನ ನೋಡಿ ನಗಿ ಬಂತು. ಆಮ್ಯಾಲೆ ಮಲಕೊಂಡಾಗ ಅಳು ಬಂತು. ಸಾವಿತ್ರವ್ವಾ, ಹೋಗಬ್ಯಾಡ ನೀ.”

ಸಾವಿತ್ರಿ ಗೌರಕ್ಕನ ಕೈ ಹಿಡಿದುಕೊಂಡಳು. ಆದರೆ ಟ್ರಂಕು ತುಂಬಿದೆ.

22 ಡಿಸೆಂಬರ್, ಭಾನುವಾರ, ಸಂಜೆ

ಎಲ್ಲ ಬರೆದಿಡಬೇಕು.

ಬೆಳಿಗ್ಗೆಯೇ ಶಂಕ್ರಪ್ಪನ ಗಾಡಿ ಬಂತು. ಬೆಲ್ಲ ನಿನ್ನೆಯೇ ಪೇಟೆಯಲ್ಲಿ ಇಳಿಸಿದ್ದಾನೆ. ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಕಾಲಿಗೆಂದು ದಿಂಬು ಬೇರೆ ತಂದಿದ್ದ. ಕೆಟ್ಟವನಲ್ಲ. ತಂಗಿ ಎಂದರೆ ಜೀವ. ಅದಕ್ಕೇ ನನಗೆ ಜಗಳ ಆಡಲೂ ಆಗಲಿಲ್ಲ. ಟ್ರಂಕು ಎತ್ತಿ ಗಾಡಿಗೆ ಇಟ್ಟ. ನಾನು ನೋಡುತ್ತ ನಿಂತಿದ್ದೆ.

ಊಟ ಮಾಡಿ ಹೊರಡುವುದೆಂದಾಯಿತು. ಅಣ್ಣ ತಂಗಿ ಪಡಸಾಲೆಯಲ್ಲಿ. ನಾನು ಒಳಗೆ ಹೋಗಿ ಹಿಟ್ಟು ನಾದಿದೆ. ಇನ್ನು ಹರಿಯುವ ಆಟ ಯಾತಕ್ಕೆ? ಅವಳು ನನ್ನ ಮನೆಯಲ್ಲಿ ಉಣ್ಣುವ ಕಡೆಯ ರೊಟ್ಟಿ ಇದೇ ಆದರೆ ಚೆನ್ನಾಗಿಯಾದರೂ ಇರಲಿ. ಕಣ್ಣು ಮಂಜಾಗಿತ್ತು. ಕೈಗೆ ಕಣ್ಣು ಬೇಕಾಗಲಿಲ್ಲ.

ಪಡಸಾಲೆಯಿಂದ ಶಂಕ್ರಪ್ಪನ ದನಿ. “ಏನ್ ಹದಾ ಐತಿ ಕೈ! ಗೌರಕ್ಕಾರು ಬಂದಾರೇನು?”

“ಅಲ್ಲ. ಅವರು.”

“ಅವರು ಅಂದ್ರ? ಮಾಸ್ತರು?”

ಅವಳು ಏನಂದಳೋ ಕೇಳಲಿಲ್ಲ. ಶಂಕ್ರಪ್ಪ ಅಂದದ್ದು ಮಾತ್ರ ಕೇಳಿಸಿತು. ಪಾಪ, ಸಣ್ಣ ದನಿ ಅವನಿಗೆ ಹುಟ್ಟಿನಿಂದಲೇ ಇಲ್ಲ.

“ಗಂಡಸರ ಕೈಲೆ ರೊಟ್ಟಿ ಬಡಸ್ಕೊಂಡು ತಿನ್ನೂದು ಚಂದ ಕಾಣೂದಿಲ್ಲ ಸಾವಿತ್ರೀ. ನೀ ಇಲ್ಲಿದ್ದು ಅವರ ಮರ್ಯಾದಿ ಕಳಿಯೂದು ಬ್ಯಾಡ. ನಡಿ, ಲಗೂ ಹೋಗೂಣು.”

ಇದು ಅವಳೇ ನನಗೆ ಹೇಳಿದ್ದ ಮಾತು. ಅವಳ ಬಾಯಲ್ಲಿ ಅದು ಹೇಗಿತ್ತೋ, ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅವಳಿಗೆ ಹೇಗಾಯಿತೋ. ಕೋಲಿನ ಸದ್ದು ಕೇಳಿಸಿತು. ಠಕ್, ಠಕ್.

“ಅವರ ಮರ್ಯಾದಿ ಎಲ್ಲೂ ಹೋಗಿಲ್ಲಣ್ಣ. ನೀ ಅದನ್ನ ನನಗ ಬಿಡು.”

ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮುಖ ಕೆಂಪಾಗಿತ್ತು. ಬುಟ್ಟಿಯಲ್ಲಿದ್ದ ರೊಟ್ಟಿ ನೋಡಿದಳು. ಗುಂಡಗಿನ ರೊಟ್ಟಿ. ಮುಚ್ಚಿಡಲು ಹೊತ್ತಿರಲಿಲ್ಲ.

“ಇಷ್ಟು ದಿವ್ಸ ಬೇಕಂತ ಹರದ್ರಿ ಅಂತ ನನಗ ಗೊತ್ತಿಲ್ಲೇನು? ಮೊಗಚಿಕಾಯಿಂದ ಚುಚ್ಚಿದ್ದೂ ನೋಡೀನಿ.”

ನಾನು ಕೈಯ ಹಿಟ್ಟು ಉಜ್ಜಿಕೊಂಡೆ.

“ನೀವು ಕಲೀಲಿಲ್ಲ ಅಂದ್ರ ನಾ ಉಳೀತೀನಿ ಅಂತ ತಿಳಕೊಂಡ್ರೇನು?”

“ಹೌದು” ಎಂದೆ. ಬೇರೆ ಏನು ಹೇಳಲಿ? “ಹೋಗಬ್ಯಾಡ ಸಾವಿತ್ರಿ. ನನಗ ರೊಟ್ಟಿ ಬ್ಯಾಡ, ಸಾರು ಬ್ಯಾಡ. ನೀ ಇರು.”

ಒಂಬತ್ತು ವರ್ಷದಲ್ಲಿ ಇದನ್ನು ಬಾಯಿಬಿಟ್ಟು ಅಂದದ್ದು ಇವತ್ತೇ. ಅದೂ ಅವಳ ಅಣ್ಣ ಕೇಳುವ ಹಾಗೆ.

ಅವಳ ಕಣ್ಣು ತುಂಬಿತು. ಸೆರಗು ಸಿಕ್ಕಿಸಿಕೊಂಡಳು. ಕೋಲು ಗೋಡೆಗೆ ಒರಗಿಸಿದಳು. “ಸರೀರಿ” ಎಂದಳು.

ಸರಿದೆ. ಸೊಂಟ ಪಕ್ಕದ ಗೋಡೆಗೆ ಆನಿಸಿ ನಿಂತು ಉಂಡೆ ತೆಗೆದುಕೊಂಡಳು. ಹಿಟ್ಟು ಉದುರಿಸಿದಳು. ಎರಡೂ ಕೈ ಹಲಗೆಯ ಅಂಚಿಗೆ ಇಟ್ಟು, ಸರಿದರೆ ಹಿಡಿಯಲು ಕಾದು ನಿಂತೆ. ಬಡಿದಳು. ಹಲಗೆ ಅಲುಗಲಿಲ್ಲ. ಮತ್ತೆ ಬಡಿದಳು. ಆಮೇಲೆ ಅದೇ ಸದ್ದು. ಶ್ರಾವಣದಿಂದ ಕೇಳದಿದ್ದ ಅದೇ ಸದ್ದು, ಮೊದಲು ಮೆಲ್ಲಗೆ, ರೊಟ್ಟಿ ದೊಡ್ಡದಾದ ಹಾಗೆಲ್ಲ ಬೇಗ ಬೇಗ. ಆಚೆ ಮನೆಯಲ್ಲಿ ಗೌರಕ್ಕ ಏನೋ ಕೂಗಿದರು. ಏನೆಂದು ತಿಳಿಯಲಿಲ್ಲ.

ಒಂದು ಮಾಡಿದಳು. ಎರಡನೆಯದೂ ಮಾಡಿದಳು. ಮೂರನೆಯದರ ಹೊತ್ತಿಗೆ ಎಡಗಾಲು ನಡುಗತೊಡಗಿತು. ತುಟಿ ಕಚ್ಚಿದಳು. ನಾನು ಕುರ್ಚಿ ಎಳೆದೆ. ಹಟ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಕೂತು, ಅರ್ಧ ಬಡಿದ ರೊಟ್ಟಿಯನ್ನು ನನ್ನ ಕಡೆ ಸರಿಸಿದಳು.

“ಇನ್ನ ನೀವು ಬಡೀರಿ. ಸುಡೂದು ನಾ ನೋಡ್ಕೊಂತೀನಿ.”

ಶಂಕ್ರಪ್ಪ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಉಣ್ಣುವಾಗ ತಲೆ ಎತ್ತಲಿಲ್ಲ. ಒಂದು ರೊಟ್ಟಿ ಮುರಿದು ಕೇಳಿದ, “ಇದು ಯಾರ ಕೈದು?” ಅವರದು ಎಂದಳು. ಹೂಂ ಎಂದು ಪೂರ್ತಿ ತಿಂದ. ಇನ್ನೊಂದು ಹಾಕು ಎಂದ. ಕೈ ತೊಳೆದು, ಹೇಳದೆಯೇ ಹೋಗಿ ಟ್ರಂಕು ಇಳಿಸಿ ತಂದ.

ಎತ್ತು ಕಟ್ಟುವಾಗ ಮಾತ್ರ ಅವನ ಮುಖ ಸಣ್ಣದಾಯಿತು. “ಅವ್ವ ದಾರಿ ಕಾಯಾಕ್ಹತ್ತಿರತಾಳ. ಖಾಲಿ ಗಾಡಿ ನೋಡಿದ್ರ ಏನಂತಾಳ?”

“ಖಾಲಿ ಯಾಕ ಹೋಗ್ತೀ?” ಎಂದಳು ಸಾವಿತ್ರಿ. ನನ್ನ ಕಡೆ ತಿರುಗಿ, “ಮೂಲ್ಯಾಗಿನ ಈಳಿಗಿಮಣಿ ತರ್ರಿ” ಎಂದಳು.

ತಂದೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಹಲಸಿನ ಮಣೆ, ಒಂಬತ್ತು ವರ್ಷ ಅವಳು ಮಂಡಿ ಮಡಚಿ ಕೂತು ಕೂತು ನಡುವೆ ನುಣ್ಣಗೆ ಸವೆದಿದೆ. ಸೆರಗಿನಿಂದ ಒರೆಸಿದಳು. ಸವೆದ ಜಾಗದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಅಣ್ಣನ ಕೈಗೆ ಕೊಟ್ಟಳು.

“ಅತ್ತಿಗಿಗೆ ಕೊಡು. ಅವ್ವಗ ಹೇಳು, ಇನ್ನ ನನಗ ಇದು ಬೇಕಾಗೂದಿಲ್ಲ ಅಂತ. ನಾ ನಿಂತು ಹೆಚ್ಚತೀನಿ ಅಂತ ಹೇಳು.”

ಶಂಕ್ರಪ್ಪ ಅದನ್ನು ಕೌದಿಯ ಮೇಲೆ, ದಿಂಬಿನ ಪಕ್ಕದಲ್ಲಿ, ಅವಳು ಕೂರಬೇಕಿದ್ದ ಜಾಗದಲ್ಲಿ ಇಟ್ಟ. ಗಾಡಿ ತಿರುವು ದಾಟುವವರೆಗೂ ಸಾವಿತ್ರಿ ಬಾಗಿಲು ಹಿಡಿದು ನಿಂತಿದ್ದಳು. ನಾನು ಪಕ್ಕದಲ್ಲಿ ನಿಂತೆ. ಬೀದಿಯಲ್ಲಿ ಜನ ಇದ್ದರು. ಅವಳು ನನ್ನ ಭುಜದ ಮೇಲೆ ಕೈ ಊರಿದಳು.

26 ಡಿಸೆಂಬರ್, ಬೆಳಿಗ್ಗೆ

ಚಾಕು ತಂದಿದ್ದೇನೆ. ಅವಳಿಗೆ ಇನ್ನೂ ಕೈಗೆ ಕೂತಿಲ್ಲ, ಬದನೆಕಾಯಿ ಒಂದು ಕಡೆ ಓಡಿದರೆ ಚಾಕು ಇನ್ನೊಂದು ಕಡೆ. ಬೈಯುವುದು ನನ್ನನ್ನು. ಮೂಲೆಯ ಕೆಳಗಿನ ಡಬ್ಬಿಗೆ ಆಗಲೇ ತುಕ್ಕು. ಮಳೆಗಾಲಕ್ಕೆ ಮೊದಲು ಬದಲಿಸಬೇಕು. ಗೋಣಿ ಒಣಗಿದರೆ ಸದ್ದು ಬರುತ್ತದೆ, ದಿನಾ ನೀರು ಚಿಮುಕಿಸಬೇಕು. ಶಾಲೆಯಲ್ಲಿ ಪಟ್ ಪಟ್ ನಿಂತಿಲ್ಲ. ನಿಲ್ಲದಿದ್ದರೂ ಅಡ್ಡಿಯಿಲ್ಲ.

ಕರೆಯುತ್ತಿದ್ದಾಳೆ. ಹಂಚು ಕಾದಿದೆಯಂತೆ. ಎರಡು ಅವಳು ಮಾಡಿ ಆಯಿತಂತೆ, ಇನ್ನುಳಿದದ್ದು ನನ್ನ ಪಾಲು. ಹಿಟ್ಟು ಆರಿದರೆ ಅಂಚು ಒಡೆಯುತ್ತದೆ. ಹೊರಟೆ.